ಮುಂದಾಳಿಗೆ ಕಿವಿ ಬೇಕು

"ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಗಾದೆ ವೇದಕ್ಕೆ ಸಮಾನವೆಂದು ಹಿರಿಯರು ಹೇಳುವರಾದರೂ, ಈ ಒಂದು ಗಾದೆಯ ವಿಷಯದಲ್ಲಿ ನನಗೆ ಬಹುದಿನಗಳಿಂದ ಸಂದೇಹವಿದೆ. ಇದನ್ನು ಕಟ್ಟಿದವನು ಆಳಾಗಿರಲಾರನು. ಆಳನ್ನು ಇಟ್ಟುಕೊಂಡವನೇ ಆಗಿರಬೇಕು. ಆಳಿನ ಬಾಯಿಂದ ಹುಟ್ಟಿದ್ದರೆ ಇದರ ರೂಪವೇ ಬೇರೆಯಾಗುತ್ತಿದ್ದಿತು. ಕೆಲಸ ಕೆಟ್ಟಿತೆಂದರೆ, ಕೆಟ್ಟುದು ಕೈಯಿಂದಲೋ ಅಥವಾ ಕೈಯನ್ನು ನಡೆಸಿದ ತಲೆಯಿಂದಲೋ ಎಂದು ವಿಚಾರಿಸಬೇಡವೆ?

ಇಂದು ಕಚೇರಿ, ಕಾರ್ಖಾನೆ, ಆಸ್ಪತ್ರೆ, ಶಾಲೆ, ಸಹಕಾರ ಸಂಘ, ಪಂಚಾಯತಿ ಇವುಗಳಲ್ಲಿ ಯಾವುದೂ ಒಬ್ಬನಿಂದ ನಡೆಯತಕ್ಕುದಲ್ಲ. ಹಲವರು ಕೂಡಿ ದುಡಿದರೆ ಮಾತ್ರ ನಡೆಯತಕ್ಕುದು. ಆದರೆ ಒಂದು ಸಂಗತಿಯನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಕಟ್ಟಡ, ಅದೇ ಸಿಬ್ಬಂದಿ, ಅದೇ ಸಂಬಳ. ಮೇಲಿನವರು ಒಬ್ಬರು ವರ್ಗವಾಗಿ ಇನ್ನೊಬ್ಬರು ಬಂದ ಆರು ತಿಂಗಳೊಳಗಾಗಿ ಸತ್ತಂತಿದ್ದ ಕಚೇರಿಗೆ ಜೀವ ಬರುವುದುಂಟು. ಚೆನ್ನಾಗಿ ನಡೆಯುತ್ತಿದ್ದುದು ಕುಸಿಯುವುದೂ ಉಂಟು. ಕೈಗಳು ಬದಲಾಗಲಿಲ್ಲ, ಕೈ ನಡೆಸುವ ರೀತಿ ಬದಲಾಯಿತು. ಮುಂದಾಳಿನ ಯೋಗ್ಯತೆಯನ್ನು ಆತನ ಬಾಯಿಂದ ಅಳೆಯುವುದು ನಮ್ಮ ಜನರ ರೂಢಿ. "ಸಾಹೇಬರು ಬಲು ಗಟ್ಟಿ, ಅವರ ಮುಂದೆ ಯಾರೂ ಉಸಿರೆತ್ತುವುದಿಲ್ಲ" ಎಂದು ಹೊಗಳುತ್ತೇವೆ. ಬಾಯಿಂದಲ್ಲ, ಕಿವಿಯಿಂದ ಅಳೆಯಬೇಕೆಂಬುದೇ ಈ ಲೇಖನದ ವಾದ. ಕೆಳಗಿನವನು ತಾನು ಕಂಡ ಸತ್ಯವನ್ನು ಮೇಲಿನವನಿಗೆ ಅಂಜದೆ ಹೇಳಬಲ್ಲನಾದರೆ ಆ ಸಂಸ್ಥೆಯ ಕೆಲಸ ನೆಟ್ಟಗಾಗುವುದು. ಹೇಳಲಾರನಾದರೆ ಹೊರಗೆ ಎಷ್ಟು ಶಿಸ್ತು ಕಂಡರೂ ಒಳಗೆ ಗೆದ್ದಲು ಹತ್ತಿರುವುದು.

ಇದನ್ನು ನಾನು ಮೊದಲು ಕೇಳಿದುದು ಮನೆಯಲ್ಲಿ. ನಮ್ಮೂರು ಹಂಪಸಾಗರವು ತುಂಗಭದ್ರೆಯ ದಂಡೆಯ ಮೇಲಿದೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದೊಡನೆ ಈ ಕಡೆಯ ಹೆಂಗಸರು ಗುಂಪುಗೂಡಿ ಗಂಗಾವತಿ, ಸಿರುಗುಪ್ಪಗಳ ಕಡೆಗೆ ಭತ್ತದ ನಾಟಿಗೆ ಹೋಗುವುದುಂಟು. ನಮ್ಮ ಅವ್ವನೂ ಹೋದವಳೇ. ಎಕರೆಗೆ ಇಷ್ಟೆಂದು ಗುತ್ತಿಗೆ; ಬಂದ ಹಣ ತಲೆಗಿಷ್ಟೆಂದು ಪಾಲು; ಗುಂಪಿಗೆ ಒಬ್ಬಳು ಮೇಸ್ತ್ರಿ. ಒಂದು ವರ್ಷದ ಮೇಸ್ತ್ರಿ ಬದುವಿನ ಮೇಲೆ ನಿಂತು ಕೂಗುವವಳು. ಅವಳ ಕಣ್ಣಿರುವಷ್ಟು ಹೊತ್ತು ಕೈಗಳು ಬಿರುಸಾಗಿ ಓಡುತ್ತಿದ್ದುವು. ಅವಳು ಹೊಲದ ಯಜಮಾನನೊಡನೆ ಮಾತನಾಡಲು ಅತ್ತ ಹೋದಳೆಂದರೆ ಬಾಗಿದ ಸೊಂಟಗಳೆಲ್ಲ ನೆಟ್ಟಗಾಗುತ್ತಿದ್ದುವು. ಬೈಗುಳಕ್ಕೆ ಅಂಜಿ ಅವಸರದಿಂದ ಊರಿದ ಸಸಿ ಮರುದಿನ ನೀರಿನ ಮೇಲೆ ತೇಲುತ್ತಿದ್ದಿತು. ಅದನ್ನು ಮತ್ತೆ ಹಚ್ಚುವ ಕೂಲಿ ಯಾರೂ ಕೊಡುತ್ತಿರಲಿಲ್ಲ. ಮುಂದಿನ ವರ್ಷದ ಮೇಸ್ತ್ರಿ ಸೀರೆಯನ್ನು ಎತ್ತಿಕಟ್ಟಿ ತಾನೂ ಕೆಸರಿಗೆ ಇಳಿಯುವವಳು. ಬೆಳಿಗ್ಗೆ ಎದ್ದೊಡನೆ "ಯಾರಿಗೆ ಸೊಂಟ ನೋವೈತಿ, ಯಾರು ಸಸಿ ಹೊರತೀರಿ" ಎಂದು ಕೇಳಿ ಕೆಲಸ ಹಂಚುವವಳು. "ಆಕಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ, ಕೆಲಸ ನಿಲ್ತಿದ್ದಿಲ್ಲ" ಎಂದು ಅವ್ವ ಇಂದಿಗೂ ನೆನೆಯುತ್ತಾಳೆ.

ಕಾಲೇಜಿಗೆ ಬಂದು ಪುಸ್ತಕ ತೆರೆದಾಗ ಅವ್ವನ ಮಾತೇ ಅಲ್ಲಿಯೂ ದೊರೆಯಿತು. ಹಿಟ್ಲರನ ಆಡಳಿತ ಬಂದ 1933ರಲ್ಲಿ ಜರ್ಮನಿಯನ್ನು ಬಿಟ್ಟು ಅಮೆರಿಕಕ್ಕೆ ಹೋದ ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞನು, ಲಿಪಿಟ್ ಮತ್ತು ವೈಟ್ ಎಂಬ ಸಹೋದ್ಯೋಗಿಗಳೊಡನೆ ಅಯೋವಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಸಿ 1939ರಲ್ಲಿ ಅದನ್ನು ಪ್ರಕಟಿಸಿದನು. ಹತ್ತು ಹನ್ನೊಂದು ವಯಸ್ಸಿನ ಹುಡುಗರ ಚಿಕ್ಕ ಚಿಕ್ಕ ಗುಂಪುಗಳು. ಮುಖವಾಡ ಮಾಡುವುದೇ ಮೊದಲಾದ ಕೈಕೆಲಸ. ಮುಂದಾಳುಗಳು ಮೂರು ರೀತಿಯವರು. ಮೊದಲಿನ ರೀತಿಯವನು ಎಲ್ಲವನ್ನೂ ತಾನೇ ನಿರ್ಧರಿಸಿ ಅಪ್ಪಣೆ ಮಾಡುವನು. ಎರಡನೆಯವನು ಗುಂಪಿನೊಡನೆ ಚರ್ಚಿಸಿ, ದಾರಿ ತೋರಿಸಿ, ತಾನೂ ಅವರಲ್ಲೊಬ್ಬನಾಗಿ ದುಡಿಯುವನು. ಮೂರನೆಯವನು "ನಿಮಗೆ ತೋಚಿದಂತೆ ಮಾಡಿಕೊಳ್ಳಿ" ಎಂದು ಸುಮ್ಮನಿರುವನು. ಅಪ್ಪಣೆಯ ಗುಂಪಿನಲ್ಲಿ ಮುಂದಾಳು ಎದುರಿಗಿದ್ದಾಗ ಕೆಲಸ ಭರದಿಂದ ಸಾಗಿತು. ಆತನು ಕೊಠಡಿಯಿಂದ ಹೊರಗೆ ಹೋದೊಡನೆ ಇಳಿದುಹೋಯಿತು. ಚರ್ಚೆಯ ಗುಂಪಿನಲ್ಲಿ ಮುಂದಾಳು ಇದ್ದಾಗಲೂ ಇಲ್ಲದಾಗಲೂ ಕೆಲಸ ಹೆಚ್ಚುಕಡಿಮೆ ಒಂದೇ ಸಮನೆ ನಡೆಯಿತು. ಕೆಲಸದಲ್ಲಿ ಎಲ್ಲಕ್ಕೂ ಹಿಂದೆ ಬಿದ್ದುದು ಮೂರನೆಯ ಗುಂಪು. ಆದುದರಿಂದ ಸುಮ್ಮನೆ ಬಿಟ್ಟುಕೊಡುವುದೇ ಒಳ್ಳೆಯ ಮುಂದಾಳುತನವೆಂದು ಯಾರೂ ಭಾವಿಸಬಾರದು. ಕೇಳುವುದು ಬೇರೆ, ಕೈಬಿಡುವುದು ಬೇರೆ. ನಾಟಿಯ ಎರಡನೆಯ ಮೇಸ್ತ್ರಿ ಕೆಲಸ ಹಂಚದೆ ಬಿಟ್ಟವಳಲ್ಲ, ಕೇಳಿ ಹಂಚಿದವಳು.

ಇಷ್ಟನ್ನು ಓದಿ ತಿಳಿದ ಮೇಲೆಯೂ ಬುದ್ಧಿ ಬರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ಕಳೆದ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರದಲ್ಲಿ ಹದಿನೈದು ಜನರ ಒಂದು ತಂಡಕ್ಕೆ ನನ್ನನ್ನು ಮುಖಂಡನನ್ನಾಗಿ ಮಾಡಿದ್ದರು. ಒಂದು ಓಣಿಯ ಕೊಚ್ಚೆನೀರು ಹರಿದುಹೋಗಲು ಚರಂಡಿ ತೋಡುವ ಕೆಲಸ. ಜೀವನದಲ್ಲಿ ಮೊದಲ ಬಾರಿ ಹದಿನೈದು ಜನ ನನ್ನ ಮಾತು ಕೇಳುವವರಿದ್ದರು. ಅದರ ಅಮಲು ಏರದೆ ಇರಲಿಲ್ಲ. ಸೀಟಿ ಊದಿದೆ, ಗೆರೆ ಎಳೆದೆ, ಹಾರೆ ಗುದ್ದಲಿ ಹಂಚಿದೆ, ಮಾತನಾಡಿದವರನ್ನು ಗದರಿಸಿದೆ. ಎರಡು ದಿನಗಳಲ್ಲಿ ಚರಂಡಿ ಮುಗಿಯಿತು. ಕೊಡ ತಂದು ನೀರು ಸುರಿದು ನೋಡಿದರೆ ಅದು ಮುಂದೆ ಹೋಗುವ ಬದಲು ನಮ್ಮ ಕಾಲ ಕಡೆಗೇ ಬಂದು ನಿಂತಿತು. ಇಳಿಜಾರು ತಪ್ಪಿತ್ತು. ತಂಡದಲ್ಲಿ ಗೌಂಡಿಯ ಮಗನೊಬ್ಬನಿದ್ದನು. ನೀರು ಹಿಂದಕ್ಕೆ ಬರುವುದೆಂದು ಆತನಿಗೆ ಮೊದಲನೆಯ ದಿನವೇ ಗೊತ್ತಾಗಿತ್ತಂತೆ. "ಮತ್ತೆ ಯಾಕೋ ಹೇಳಲಿಲ್ಲ?" ಎಂದು ಕೇಳಿದೆ. "ನೀ ಎಲ್ಲಿ ಕೇಳಿದಿ? ಹೇಳಿದ್ರ ಬೈಸಿಕೊಳ್ಳಬೇಕಾಗಿತ್ತು" ಎಂದನು. ಹದಿನೈದು ಜನರ ಎರಡು ದಿನದ ಬೆವರು ಮಣ್ಣುಪಾಲಾಯಿತು. ಆಳು ಮಾಡಿದುದು ಹಾಳಾಯಿತೆಂಬುದು ನಿಜ. ಹಾಳು ಮಾಡಿಸಿದವನು ಮಾತ್ರ ನಾನು.

ಚರಂಡಿಯ ತಪ್ಪಾದರೆ ಮತ್ತೆ ತೋಡಬಹುದು. ಕೆಲವು ಕಡೆ ತಪ್ಪು ಬಾಯಿ ಬಿಡದೆ ಕುಳಿತರೆ ಜೀವವೇ ಹೋಗುವುದು. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿಯು ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದರು. ಒಗ್ಗಟ್ಟಿನಿಂದ ಕೆಲಸ ಮಾಡುವ ವಾರ್ಡಿನಲ್ಲಿ ತಪ್ಪುಗಳು ಕಡಿಮೆಯಿರುವುವೆಂದು ಅವರ ಎಣಿಕೆಯಾಗಿತ್ತು. ಲೆಕ್ಕ ತೆಗೆದರೆ ಒಳ್ಳೆಯ ವಾರ್ಡುಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುವು! ಅವರು ಬೆರಗಾಗಿ ಮತ್ತೆ ಪರಿಶೀಲಿಸಿದಾಗ ಒಳಗುಟ್ಟು ತಿಳಿಯಿತು. ಅಲ್ಲಿಯ ನರ್ಸುಗಳು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ. ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಹೇಳಿದರೆ ಶಿಕ್ಷೆಯ ಬದಲು ಪರಿಹಾರ ದೊರೆಯುವುದೆಂಬ ನಂಬಿಕೆ ಅವರಿಗಿದ್ದಿತು. ಮುಖ್ಯಸ್ಥೆಗೆ ಹೆದರುವ ವಾರ್ಡುಗಳಲ್ಲಿ ತಪ್ಪುಗಳು ಕಾಗದದ ಮೇಲೆ ಕಡಿಮೆಯಿದ್ದುವು ಅಷ್ಟೆ. 1999ರಲ್ಲಿ ಒಂದು ಕಾರ್ಖಾನೆಯ ಅನೇಕ ತಂಡಗಳನ್ನು ಅಭ್ಯಾಸ ಮಾಡಿ ಅವರು ಪ್ರಕಟಿಸಿದ ಲೇಖನವೂ ಇದನ್ನೇ ಹೇಳಿತು: ಅಂಜಿಕೆಯಿಲ್ಲದೆ ಮಾತನಾಡಬಲ್ಲ ತಂಡ ಬೇಗ ಕಲಿಯುತ್ತದೆ, ಚೆನ್ನಾಗಿ ದುಡಿಯುತ್ತದೆ. ನಮ್ಮ ಕಚೇರಿಗಳ ಕಡತಗಳಲ್ಲಿ "ಎಲ್ಲವೂ ಸರಿಯಾಗಿದೆ" ಎಂಬ ವರದಿಯನ್ನು ಓದುವಾಗ ಈ ಸಂಗತಿ ನೆನಪಿರುವುದು ಲೇಸು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. "ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸವಾಗುವುದು ಯಾವಾಗ? ಮನೆಗೆ ಬೆಂಕಿ ಬಿದ್ದಾಗ ಸಭೆ ಕರೆಯುವರೆ?" ಎಂದು ಕೇಳುವವರುಂಟು. ಮಾತು ಯೋಗ್ಯವಾದುದೇ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ನದಿಯನ್ನೇ ಹಿಡಿದು ಕೆಳಗೆ ನಡೆದರೆ ತುಂಗಭದ್ರಾ ಅಣೆಕಟ್ಟು ಸಿಕ್ಕುತ್ತದೆ.

1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಈ ಅಣೆಕಟ್ಟಿಗಾಗಿ ನಮ್ಮ ಕಡೆಯ ಎಷ್ಟೋ ಊರುಗಳು ಮುಳುಗಿದುವು. ಅದಕ್ಕೆ 33 ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಜಲಾಶಯದ ಬಹುಪಾಲು ನೀರು ಖಾಲಿಯಾದ ಹೊರತು ದುರಸ್ತಿ ಸಾಧ್ಯವಿಲ್ಲವೇನೋ ಎಂಬ ಭೀತಿ ಎಲ್ಲೆಡೆ ಹಬ್ಬಿತು. ನೀರು ಹೋದರೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳ ರೈತರ ಬೆಳೆ ಹೋದಂತೆ. ಬೆಳೆ ಹೋದರೆ ನಮ್ಮ ಹೆಂಗಸರ ನಾಟಿಯ ಕೂಲಿಯೂ ಹೋದಂತೆ.

ಆಗ ಬಂದವರು ಎಪ್ಪತ್ತು ದಾಟಿದ, ಗೇಟುಗಳ ಕೆಲಸದಲ್ಲಿ ದಶಕಗಳನ್ನು ಕಳೆದ ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರು. ನೀರು ಹರಿಯುತ್ತಿರುವಾಗಲೇ ಗೇಟಿನ ಜಾಗಕ್ಕೆ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಸಿ ನೀರು ತಡೆಯುವ ಯೋಜನೆ ನಡೆಯಿತು. ಸುತ್ತಣ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಹಲಗೆಗಳು ಸಿದ್ಧವಾದುವು. ಆಗಸ್ಟ್ 16ರಂದು ಮೊದಲನೆಯದು ಕೂತಿತು. ಮರುದಿನ ಐದೂ ಕೂತು ನೀರು ನಿಂತಿತು. ಆ ಮಳೆಗಾಲದಲ್ಲಿಯೇ ಜಲಾಶಯ ಮತ್ತೆ ತುಂಬಿತು. ಸರಕಾರವು ತಜ್ಞರನ್ನಷ್ಟೇ ಅಲ್ಲದೆ ದುಡಿದ ಸಿಬ್ಬಂದಿಯನ್ನೂ ಕಾರ್ಮಿಕರನ್ನೂ ಸನ್ಮಾನಿಸಿತು.

ಇಂಥ ಕೆಲಸದಲ್ಲಿ ಅಪ್ಪಣೆ ಬೇಕು, ಒಂದೇ ಬಾಯಿಂದ ಬೇಕು ಎಂಬುದನ್ನು ಯಾರು ಅಲ್ಲಗಳೆಯುವರು? ಆದರೆ ಆ ಅಪ್ಪಣೆಯ ಹಿಂದೆ ಏನಿದೆಯೆಂಬುದನ್ನೂ ನೋಡಬೇಕು. ಟನ್ನುಗಟ್ಟಲೆ ತೂಕದ ಹಲಗೆಯನ್ನು ನೀರಿಗೆ ಇಳಿಸುವ ಕ್ರೇನಿನ ಚಾಲಕನಿಗೆ ಅದರ ತುದಿ ಎಲ್ಲಿ ತಾಗುತ್ತಿದೆಯೆಂಬುದು ಕೂತಲ್ಲಿಂದ ಕಾಣದು; ಅಂಚಿನಲ್ಲಿ ನಿಂತು ಸನ್ನೆ ಮಾಡುವವನ ಕೈಯನ್ನು ಅವನು ನಂಬಬೇಕು. ಆ ಕೈ "ನಿಲ್ಲು" ಎಂದರೆ ಎಷ್ಟು ದೊಡ್ಡ ಎಂಜಿನಿಯರನ ಅಪ್ಪಣೆಯೂ ಒಂದು ಕ್ಷಣ ನಿಲ್ಲಬೇಕು. ಬೆಸುಗೆ ಸರಿಯಾಗಿಲ್ಲವೆಂಬುದು ಬೆಸುಗೆಯವನಿಗೇ ಮೊದಲು ಗೊತ್ತಾಗುವುದು. ಅದನ್ನು ಅವನು ಹೇಳದೆ ನುಂಗಿಕೊಂಡರೆ ಹೊಳೆಯೇ ಅದನ್ನು ಎಲ್ಲರಿಗೂ ಹೇಳುತ್ತದೆ. ಆದಕಾರಣ ಆಪತ್ತಿನ ಹೊತ್ತಿಗೆ ಬಾಯಿ ಒಂದೇ ಸಾಕು, ಕಿವಿಗಳು ಮಾತ್ರ ಎಲ್ಲ ದಿಕ್ಕಿಗೂ ತೆರೆದಿರಬೇಕು.

ಇನ್ನೂ ಒಂದು ಮಾತು. ಆಪತ್ತಿನ ದಿನ ಜನ ಒಬ್ಬನ ಮಾತಿಗೆ ಓಗೊಡಬೇಕಾದರೆ ಸಾಮಾನ್ಯ ದಿನಗಳಲ್ಲಿ ಆತನು ಅವರ ಮಾತಿಗೆ ಓಗೊಟ್ಟಿರಬೇಕು. ಗೇಟು ಮುರಿದ ದಿನ ಬೇಕಾಗುವ ಶೌರ್ಯಕ್ಕಿಂತ ಗೇಟು ಮುರಿಯದಂತೆ ನೋಡಿಕೊಳ್ಳುವ ಎಚ್ಚರ ದೊಡ್ಡದು. ಈ ಪ್ರಕರಣದಲ್ಲಿ ಯಾರ ತಪ್ಪೆಂದು ಹೇಳುವುದು ನನ್ನ ಉದ್ದೇಶವಲ್ಲ. 33 ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನ ಆಮೇಲೆ ಆಯಿತು. 2025ರಲ್ಲಿ ಜಲಾಶಯವನ್ನು ಪೂರ್ತಿ ತುಂಬದೆ 80 ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು. ಆದರೆ ಯಾವ ಯಂತ್ರದಲ್ಲಿಯೇ ಆಗಲಿ, ಸರಪಳಿಯ ಸವಕಳಿಯನ್ನು ಮೊದಲು ಕಾಣುವುದು ಅದಕ್ಕೆ ಎಣ್ಣೆ ಹಾಕುವವನ ಕಣ್ಣು. ಆ ಕಣ್ಣಿಗೂ ಅಧಿಕಾರಿಯ ಮೇಜಿಗೂ ನಡುವೆ ಎಷ್ಟು ಬಾಗಿಲುಗಳಿವೆ, ಅವುಗಳಲ್ಲಿ ಎಷ್ಟು ತೆರೆದಿವೆ ಎಂಬುದರ ಮೇಲೆ ಅಣೆಕಟ್ಟುಗಳ ಆಯುಷ್ಯ ನಿಂತಿದೆ.

ಕೇಳುವುದರ ಜೊತೆಗೆ ಮುಂದಾಳಿಗೆ ಇನ್ನೊಂದು ಗುಣವೂ ಬೇಕು. ಕೆಲಸ ಕೆಟ್ಟಾಗ ಮುಂದೆ ನಿಲ್ಲುವುದು, ಗೆದ್ದಾಗ ಹಿಂದೆ ಸರಿಯುವುದು. ಇದಕ್ಕೆ ಸತೀಶ್ ಧವನ್ ಅವರ ಉದಾಹರಣೆ ಪ್ರಸಿದ್ಧವಾದುದು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಇಸ್ರೋದ ಅಧ್ಯಕ್ಷರೂ ಆಗಿದ್ದ ಕಾಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಹಾರಿದ ಎಸ್.ಎಲ್.ವಿ.-3 ರಾಕೆಟ್ಟು ಬಂಗಾಳಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಧವನ್ ಅವರೇ ಹೋಗಿ ಸೋಲನ್ನು ತಮ್ಮ ಮೇಲೆ ಹಾಕಿಕೊಂಡರು. ತಮ್ಮ ತಂಡದ ಮೇಲೆ ನಂಬಿಕೆಯಿದೆಯೆಂದರು. 1980ರ ಜುಲೈ 18ರಂದು ಅದೇ ತಂಡದ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಹೋಗಲು ಅವರು ಕಲಾಂ ಅವರಿಗೇ ಹೇಳಿದರು. ಕಲಾಂ ಅವರು ರಾಷ್ಟ್ರಪತಿಯಾದ ಮೇಲೆಯೂ ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮೊದಲ ಸೋಲಿನ ದಿನವೇ ತಪ್ಪಿತಸ್ಥರ ಪಟ್ಟಿ ಸಿದ್ಧವಾಗಿದ್ದರೆ, ಯಾವ ಭಾಗ ಕೆಟ್ಟಿತೆಂದು ಬಾಯಿಬಿಟ್ಟು ಹೇಳಲು ಯಾರು ಮುಂದೆ ಬರುತ್ತಿದ್ದರು?

ಈಗ ನಮ್ಮ ವಿಷಯಕ್ಕೆ ಬರೋಣ. ವಿದ್ಯಾರ್ಥಿ ಬಂಧುಗಳೇ, ಈ ಕಾಲೇಜಿನಿಂದ ಹೊರಬಿದ್ದವರು ರಾಕೆಟ್ಟು ಹಾರಿಸಲಿಕ್ಕಿಲ್ಲ. ನಮ್ಮಲ್ಲಿ ಕೆಲವರು ಶಿಕ್ಷಕರಾಗುವರು, ಕೆಲವರು ಪೊಲೀಸ್ ಇಲಾಖೆಗೆ ಸೇರುವರು, ಕೆಲವರು ಪಂಚಾಯತಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಒಂದು ಮೇಜು ಪಡೆಯುವರು. ಅನೇಕರು ನನ್ನಂತೆ ಮನೆತನಕ್ಕೆ ಮೊದಲ ಪದವೀಧರರು. ನಮ್ಮ ತಂದೆತಾಯಿಗಳು ಇಂಥ ಮೇಜುಗಳ ಮುಂದೆ ಕೈಕಟ್ಟಿ ನಿಂತವರು. "ನಾಳೆ ಬಾ" ಎಂಬ ಮಾತನ್ನು ಎಷ್ಟೋ ನಾಳೆಗಳವರೆಗೆ ಕೇಳಿದವರು. ಅಧಿಕಾರವೆಂದರೆ ಗದರುವುದು ಎಂಬ ಒಂದೇ ಪಾಠವನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಆದುದರಿಂದಲೇ ನಮ್ಮ ಕೈಗೆ ಕುರ್ಚಿ ಬಂದ ದಿನ ನಾವು ಆ ಪಾಠವನ್ನೇ ಒಪ್ಪಿಸುವ ಅಪಾಯ ಹೆಚ್ಚು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆ ತನ್ನ ಕಾಲ ಬಂದಾಗ ಅತ್ತೆಯಂತೆಯೇ ನಡೆದರೆ ಮನೆಯಲ್ಲಿ ಬದಲಾದುದೇನು? ಸೀಟಿ ಕೈಗೆ ಬಂದ ಎರಡೇ ದಿನಗಳಲ್ಲಿ ನಾನು ಏನಾದೆನೆಂಬುದನ್ನು ಮೇಲೆ ಹೇಳಿದ್ದೇನೆ.

"ಹೆದರಿಕೆಯಿಲ್ಲದಿದ್ದರೆ ಸೋಮಾರಿಗಳು ದುಡಿಯರು" ಎಂಬುದು ಕೊನೆಯ ಆಕ್ಷೇಪಣೆ. ಸೋಮಾರಿಗಳಿಲ್ಲವೆಂದು ನಾನು ಹೇಳೆನು. ಹೊತ್ತಿಗೆ ಬರಬೇಕು, ಲೆಕ್ಕ ಕೊಡಬೇಕು, ಲಂಚಕ್ಕೆ ಕೈ ಚಾಚಿದವನಿಗೆ ಶಿಕ್ಷೆಯಾಗಬೇಕು. ಇದು ನಿಯಮದ ಶಿಸ್ತು. ಎಲ್ಲರಿಗೂ, ಮೇಲಿನವನಿಗೂ, ಒಂದೇ ಆಗಿರುವ ಶಿಸ್ತು. ಮೇಲಿನವನ ಮುಖ ನೋಡಿ ನಡುಗುವುದು ಬೇರೆ ಜಾತಿಯದು. ನಿಯಮದ ಶಿಸ್ತು ಸೋಮಾರಿಯನ್ನು ಎಬ್ಬಿಸುತ್ತದೆ; ಮುಖದ ಅಂಜಿಕೆ ದುಡಿಯುವವನನ್ನೂ ಮೂಕನನ್ನಾಗಿ ಮಾಡುತ್ತದೆ.

ಕುರ್ಚಿಯಲ್ಲಿ ಕುಳಿತ ಮೇಲೆ ಮಾಡಬೇಕಾದುದು ಬಹಳವೇನೂ ಇಲ್ಲ. ಕೆಲಸ ಹಂಚುವ ಮೊದಲು, ಅದನ್ನು ಕೈಯಾರೆ ಮಾಡುವವನನ್ನು ಒಂದು ಮಾತು ಕೇಳುವುದು. ಕೆಟ್ಟ ಸುದ್ದಿ ತಂದವನ ಮೇಲೆ ಮೊದಲು ಸಿಟ್ಟಾಗದಿರುವುದು. ಒಮ್ಮೆ ಸಿಟ್ಟಾದರೆ ಮುಂದಿನ ಸುದ್ದಿ ಬಾಗಿಲ ಹೊರಗೇ ಉಳಿಯುವುದು. ತಪ್ಪಾದಾಗ "ಯಾರು" ಎಂಬುದಕ್ಕಿಂತ ಮೊದಲು "ಹೇಗೆ" ಎಂದು ಕೇಳುವುದು. ಹಾಗೆಯೇ ನಾವು ಕೆಳಗಿನವರಾಗಿರುವಾಗ ಕಂಡುದನ್ನು ಹೇಳುವ ಧೈರ್ಯವೂ ನಮ್ಮ ಕರ್ತವ್ಯವೇ. ಗೌಂಡಿಯ ಮಗ ಹೇಳದೆ ಇದ್ದುದಕ್ಕೆ ನಾನು ಹೊಣೆ. ಆದರೆ ಆತನು ಹೇಳಿದ್ದರೆ ಚೆನ್ನಾಗಿತ್ತು ಎಂಬುದನ್ನು ಈಗ ಆತನೂ ಒಪ್ಪುತ್ತಾನೆ.

ಗುರುಗಳು ಮನ್ನಿಸಬೇಕು, ಈ ಅಭ್ಯಾಸ ಹುಟ್ಟಬೇಕಾದುದು ತರಗತಿಯಲ್ಲಿ. "ಅರ್ಥವಾಯಿತೆ?" ಎಂದು ಕೇಳಿದಾಗ ಅರ್ಥವಾಗದಿದ್ದರೂ "ಆಯಿತು ಸಾರ್" ಎಂದು ಒಟ್ಟಿಗೆ ಕೂಗುವವರು ನಾವು. ಇಲ್ಲಿ "ಆಗಲಿಲ್ಲ" ಎನ್ನಲು ಕಲಿಯದವನು ನಾಳೆ ಕಚೇರಿಯಲ್ಲಿ "ಇದು ತಪ್ಪು" ಎನ್ನುವುದೆಂತು?

ಆಳಾಗಬಲ್ಲವನು ಅರಸಾಗಬಲ್ಲನೆಂಬ ಇನ್ನೊಂದು ಗಾದೆ ನಮ್ಮಲ್ಲಿದೆ. ಆಳಿನ ಕಷ್ಟವನ್ನು ನಾವು ಬಲ್ಲೆವು. ಅದಕ್ಕಾಗಿ ಪುಸ್ತಕ ಓದಬೇಕಾಗಿಲ್ಲ. ಅದನ್ನು ಕುರ್ಚಿಯಲ್ಲಿ ಕುಳಿತ ಮೇಲೆಯೂ ಮರೆಯದಿದ್ದರೆ ಸಾಕು. ಇನ್ನು ಮುಂದೆ ಎಲ್ಲಿಯಾದರೂ ಕೆಲಸ ಕೆಟ್ಟು "ಆಳು ಮಾಡಿದ್ದು ಹಾಳು" ಎಂಬ ಮಾತು ಕಿವಿಗೆ ಬಿದ್ದರೆ, ಆ ಆಳಿನ ಮಾತನ್ನು ಯಾರಾದರೂ ಕೇಳಿದ್ದರೆ ಎಂದು ಮೊದಲು ವಿಚಾರಿಸೋಣ.